ಸಿಳ್ಳೆಗೆ ಬೆಚ್ಚುವ ಕೆಂಚಿ

ನಮ್ಮ ಲಾಯದಲ್ಲಿ ಕಾಫಿ ಲೋಟಕ್ಕೆ ಮುಚ್ಚಳವಿಲ್ಲದಿದ್ದರೆ, ತುಟಿಗೆ ತರುವಷ್ಟರಲ್ಲಿ ಕೆನೆಯ ಮೇಲೆ ಬಿಳಿ ಧೂಳು ಕೂತಿರುತ್ತಿತ್ತು ನೋಡಿ. ಮಾಗಡಿ ಕಡೆಯ ಆ ಕುದುರೆ ಫಾರಂಗೆ ನಾನು ಮೇವಿನ ಉಸ್ತುವಾರಿಗೆ ಸೇರಿದಾಗ ಬೇಲಿಯಾಚೆಯ ಗುಡ್ಡ ಇಡಿಯಾಗಿತ್ತು; ಹೆದ್ದಾರಿ ಅಗಲವಾಗಬೇಕು, ಕಾರ್ಖಾನೆಗಳಿಗೆ ಜಲ್ಲಿ ಬೇಕು ಎಂದು ಬಂದ ಕಲ್ಲು ಕ್ವಾರಿಯವರು ಅದನ್ನು ದಿನವೂ ಒಂದಿಷ್ಟು ಸಿಡಿಸತೊಡಗಿದರು. ಗುಡ್ಡವೊಂದು ಕಣ್ಣೆದುರೇ ಇಲ್ಲವಾಗುವುದಕ್ಕೆ ಅಭಿವೃದ್ಧಿ ಎಂಬ ಸಭ್ಯ ಹೆಸರಿದೆ. ಹೆದರಿದ ಕುದುರೆ ಮುಂಗಾಲೆತ್ತಿದರೆ ಮಾತ್ರ ಮೊಂಡುತನ ಎನ್ನುತ್ತಾರೆ. ಈ ನಾಮಕರಣ ನೆನೆದರೆ ನನಗೆ ಇವತ್ತಿಗೂ ಮೈಯುರಿಯುತ್ತದೆ.

ಹಾಗೆ ಮೊಂಡಿ ಎನಿಸಿಕೊಂಡವಳು ಕೆಂಚಿ, ಕ್ವಾರಿ ಶುರುವಾದ ವರ್ಷವೇ ನಮ್ಮಲ್ಲಿ ಹುಟ್ಟಿ ಬೆಳೆದ ಹೆಣ್ಣು ಕುದುರೆ. ಬರಿಮೈಯಲ್ಲಿದ್ದಾಗ ಹಸುವಿನಷ್ಟು ಸಾಧು; ಜೀನು ಬಿಗಿದು ಏರಹೋದರೆ ಮೈಯೆಲ್ಲ ನಡುಗಿ, ಏರಿದವರನ್ನು ಮಣ್ಣಿಗೆ ಕೆಡವುತ್ತಿದ್ದಳು. ಬೆಂಗಳೂರಿನಿಂದ ಬಂದ ಯಜಮಾನರು ಇದನ್ನು ನೋಡಿ, ತಾವು ಮತ್ತೆ ಬರುವಷ್ಟರಲ್ಲಿ ಪಳಗದಿದ್ದರೆ ಮದುವೆ ಮೆರವಣಿಗೆಯವರಿಗೆ ಕೊಟ್ಟುಬಿಡುವುದಾಗಿ ಹೇಳಿ ಹೋದರು. ಜೀನಿಗೇ ನಡುಗುವವಳನ್ನು ಪಟಾಕಿ, ಬ್ಯಾಂಡುಗಳ ನಡುವೆ ನಿಲ್ಲಿಸುವುದಂತೆ! ಆ ಸಿಟ್ಟನ್ನೆಲ್ಲ ನಾನು ಒಲೆಯ ಮೇಲೆ ತೀರಿಸಿಕೊಂಡೆ; ಅಂದಿನ ಹುರುಳಿ ಬೆಂದು ಗಂಜಿಯಾಯಿತು.

ಕುದುರೆ ಸಾಕುವವರಲ್ಲಿ ಒಂದು ಹಳೆಯ ರೂಢಿಯಿದೆ. ದಣಿದು ಬಂದ ಕುದುರೆ ನಿರಾಳವಾಗಿ ಉಚ್ಚೆ ಹೊಯ್ಯಲಿ ಎಂದು ಸಣ್ಣಗೆ ಸಿಳ್ಳೆ ಹಾಕುತ್ತಾರೆ. ಮರಿಯಿಂದ ಕೇಳಿ ಬೆಳೆದ ಕುದುರೆಗೆ ಅದು ಜೋಗುಳವಿದ್ದ ಹಾಗೆ. ಕುದುರೆ ಪಳಗಿಸುವ ನಮ್ಮ ಸಿದ್ದಣ್ಣ ಜೀನು ಬಿಗಿಯುವಾಗಲೂ ಅದೇ ಸಿಳ್ಳೆ ಹಾಕುತ್ತಿದ್ದ. ಒಂದು ಮಧ್ಯಾಹ್ನ ನಾನು ಬೇಲಿಯ ಬಳಿ ಕೆಂಚಿಗೆ ಹುಲ್ಲು ತಿನ್ನಿಸುತ್ತಿದ್ದಾಗ, ಸಿಡಿಮದ್ದಿನ ಬತ್ತಿಗೆ ಬೆಂಕಿಯಿಡುವ ಮುನ್ನ ಕ್ವಾರಿಯವನು ಎಚ್ಚರಿಕೆಯ ಸಿಳ್ಳೆ ಊದಿದ. ಬಂಡೆ ಸಿಡಿಯುವ ಮೊದಲೇ ಅವಳ ಮೈ ಬೆವರಿತು. ಉಳಿದ ಕುದುರೆಗಳು ಹುಟ್ಟಿ ಮೊದಲು ಕೇಳಿದ್ದು ಸಿದ್ದಣ್ಣನ ಸಿಳ್ಳೆ, ಇವಳು ಹುಟ್ಟುತ್ತಲೇ ಕೇಳಿದ್ದು ಕ್ವಾರಿಯದು ಎಂದು ನನಗೆ ಆಗ ಹೊಳೆಯಿತು. ಮೈದಡವಿ, ಸಿಳ್ಳೆ ಹಾಕಿ ಸಮಾಧಾನ ಹೇಳುತ್ತಿದ್ದೇವೆಂದುಕೊಂಡು, ಈಗ ಬಂಡೆ ಸಿಡಿಯುತ್ತದೆ ಎಂದು ನಾವೇ ಅವಳಿಗೆ ದಿನವೂ ಹೇಳುತ್ತಿದ್ದೆವು.

“ಸಿಳ್ಳೆ ಬುಟ್ಬುಡು ಸಿದ್ದಣ್ಣ,” ಎಂದೆ.

“ಸಿಳ್ಳೆ ಇಲ್ದೆ ನಾನು ಕುದ್ರೆ ಹತ್ತಿದ್ದೇ ಇಲ್ಲ ಕಣಕ್ಕ. ಬಾಯಿ ತಾನಾಗೇ ಊದ್ತದೆ.”

“ಹಂಗಾದ್ರೆ ಬಾಯ್ತುಂಬ ಹುರಿಗಡ್ಲೆ ಹಾಕ್ಕೊ.”

ಕೆನ್ನೆಯುಬ್ಬಿಸಿಕೊಂಡು ಅವನು ಜೀನು ಬಿಗಿದ, ಹತ್ತಿದ. ಕೆಂಚಿ ಒಮ್ಮೆ ಹಿಂತಿರುಗಿ ನೋಡಿ ಸುಮ್ಮನೆ ನಿಂತಳು. ಹುರಿಗಡಲೆಯ ದಿನಗಳು ಹೀಗೆಯೇ ಸಾಗಿದವು. ಸಿಳ್ಳೆಯ ಬದಲು ಗಂಟೆ ಬಾರಿಸಿ ಎಂದು ಕ್ವಾರಿಯ ಮೇಸ್ತ್ರಿಯನ್ನೂ ಕೇಳಿ ಬಂದೆ.

“ಕುದ್ರೆಗೇ ಒಸಿ ಅಭ್ಯಾಸ ಮಾಡ್ಸಿ ಅಕ್ಕ,” ಎಂದ ಅವನು.

ಧೂಳಿಗೆ ನಾವು ಅಭ್ಯಾಸವಾಗಬೇಕು, ಬಿರುಕುಬಿಟ್ಟ ಗೋಡೆಗೆ ಅಭ್ಯಾಸವಾಗಬೇಕು, ಈಗ ಕುದುರೆಯೂ ಆಗಬೇಕು; ಸಿಡಿಸುವವರು ಮಾತ್ರ ಯಾವುದಕ್ಕೂ ಒಗ್ಗಿಕೊಳ್ಳಬೇಕಾಗಿಲ್ಲ. ಪಳಗಿಸುವುದೆಂದರೆ ಇಷ್ಟೇ ಆಗಿದ್ದರೆ ಅದಕ್ಕೊಂದು ವಿದ್ಯೆಯೆಂಬ ಮರ್ಯಾದೆ ಯಾಕೆ ಬೇಕು, ನೀವೇ ಹೇಳಿ.

ಯಜಮಾನರು ಮತ್ತೆ ಬಂದರು. ಸಿದ್ದಣ್ಣ ಕೆಂಚಿಯ ಮೇಲೆ ಕೂತು ಅಂಗಳವಿಡೀ ಸುತ್ತಿಸಿ, ಇಳಿದು, ಲಗಾಮನ್ನು ನನ್ನ ಕೈಗಿತ್ತ.

“ಮೊಂಡುತನ ಬಿಟ್ಟಳಲ್ಲ, ಇಲ್ಲೇ ಇರಲಿ,” ಎಂದರು ಯಜಮಾನರು.

ನನ್ನ ಜೀವ ತಣ್ಣಗಾಯಿತು. ಆದರೂ, ಅವಳು ಬಿಡಲು ಮೊಂಡುತನವೆಂಬುದು ಇದ್ದರೆ ತಾನೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೇಲಿಯಾಚೆ ಸಿಳ್ಳೆ ಕೇಳಿಸಿತು.

“ಬಂಡೆ ಸಿಡಿತದೆ ಸಾ,” ಎಂದ ಸಿದ್ದಣ್ಣ.

ಯಜಮಾನರು ಓಡಿಹೋಗಿ ಕಾರಿನೊಳಗೆ ಕೂತು, ಗಾಜೇರಿಸಿಕೊಂಡು, ಸಾಲದೆಂದು ಎರಡೂ ಕಿವಿಗೆ ಬೆರಳಿಟ್ಟುಕೊಂಡರು. ಏರಿಸಿಕೊಳ್ಳಲು ಗಾಜಿಲ್ಲದ ಕೆಂಚಿ ತಲೆ ತಗ್ಗಿಸಿ ನನ್ನೆದೆಗೆ ಹಣೆಯೊತ್ತಿದಳು. ನಾನು ಅವಳ ಎರಡೂ ಕಿವಿಗಳನ್ನು ಅಂಗೈಗಳಲ್ಲಿ ಮುಚ್ಚಿ ಹಿಡಿದೆ. ನನ್ನ ಕಿವಿ ಮುಚ್ಚಿಕೊಳ್ಳಲು ಕೈ ಉಳಿದಿರಲಿಲ್ಲ.