ನರ್ಸ್ ಪಾತ್ರಕ್ಕೆ ಮಾತು ಉಂಟಾ?

ಬಹರೈನಿನಲ್ಲಿ ಇದ್ದಷ್ಟು ಕಾಲವೂ ನಾನು ನರ್ಸ್ ಆಗಿದ್ದೆ. ಆಸ್ಪತ್ರೆಯಲ್ಲಲ್ಲ, ರಂಗದ ಮೇಲೆ. ಹೊಟ್ಟೆಪಾಡಿಗೆ ಮನಾಮದ ದೊಡ್ಡ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ. ಆದರೆ ನಮ್ಮ ಕನ್ನಡ ಸಂಘದವರು ವರ್ಷಕ್ಕೊಮ್ಮೆ ಶಾಲೆಯ ಹಾಲಿನಲ್ಲಿ ಆಡುತ್ತಿದ್ದ ಸಾಮಾಜಿಕ ನಾಟಕದ ಕೊನೆಯ ಅಂಕದಲ್ಲಿ ಯಾರಿಗಾದರೂ ಹೃದಯಾಘಾತ ಆಗಲೇಬೇಕಿತ್ತು. ಆದ ಮೇಲೆ ನರ್ಸ್ ಬೇಕಿತ್ತು. ನರ್ಸ್ ಎಂದರೆ ಫ್ರಾಕು, ಫ್ರಾಕು ಎಂದರೆ ಕ್ರಿಶ್ಚಿಯನ್ನರು, ಕ್ರಿಶ್ಚಿಯನ್ನರು ಎಂದರೆ ನಾನು. ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ಸಂಘದ ಅಧ್ಯಕ್ಷರು ಬದಲಾದರು, ಕಾರ್ಯದರ್ಶಿ ಬದಲಾದರು, ಹೃದಯಾಘಾತವಾಗುವ ಯಜಮಾನರೂ ಬದಲಾದರು. ನರ್ಸ್ ಬದಲಾಗಲಿಲ್ಲ.

ನನಗೆ ಬೇಕಿದ್ದದ್ದು ತಾಯಿಯ ಪಾತ್ರ. ಸೀರೆ ಉಟ್ಟು, ಹಾಸಿಗೆ ಹಿಡಿದ ಗಂಡನ ಪಕ್ಕದಲ್ಲಿ ನಿಂತು, ಒಂದು ಉದ್ದದ ಮಾತು ಆಡುವ ತಾಯಿ. ಅದು ಪ್ರತಿ ವರ್ಷವೂ ನಾಟಕದವರಿಗೆ ಬಸ್ಸು, ದೀಪ ಒದಗಿಸುತ್ತಿದ್ದ ಕಂಟ್ರಾಕ್ಟರರ ಹೆಂಡತಿಗೆ ಹೋಗುತ್ತಿತ್ತು. ಆಕೆಗೆ ಮಾತು ಮರೆತುಹೋಗುತ್ತಿತ್ತು. ಮರೆತಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿ ಅಳುತ್ತಿದ್ದರು, ಪ್ರೇಕ್ಷಕರೂ ಅಳುತ್ತಿದ್ದರು. ಪರದೆಯ ಬದಿಯಲ್ಲಿ ಬಿಳಿ ಟೋಪಿ ಹಾಕಿ ನಿಂತ ನನಗೆ ಆ ಮಾತು ಪೂರ್ತಿ ಬಾಯಿಪಾಠ.

ಒಂದು ವರ್ಷ ಧೈರ್ಯ ಮಾಡಿ ನಿರ್ದೇಶಕರನ್ನು ಕೇಳಿದೆ. ಅವರು ಬ್ಯಾಂಕಿನಲ್ಲಿ ಆಫೀಸರು, ಉಡುಪಿ ಕಡೆಯವರು. ಅಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ನನ್ನನ್ನೂ ಬಾಯಮ್ಮ ಎನ್ನುತ್ತಿದ್ದರು.

"ನಿಮಗೆ ಫ್ರಾಕು ಎಷ್ಟು ಚಂದ ಒಪ್ತದೆ ಬಾಯಮ್ಮ. ಅದನ್ನು ಹಾಳು ಮಾಡ್ಲಿಕ್ಕುಂಟಾ?" ಎಂದರು.

"ನಾನು ಊರಲ್ಲಿ ಉಡುವುದು ಸೀರೆಯೇ."

"ಅದು ಊರಲ್ಲಿ ಮಾರಾಯ್ರೆ. ಇದು ನಾಟಕ ಅಲ್ವಾ? ಜನ ನಂಬಬೇಕಲ್ಲ."

ಗುಫೂಲಿನ ನಮ್ಮ ಫ್ಲ್ಯಾಟಿಗೆ ಹಿಂತಿರುಗಿದರೆ ಗಂಡನ ಪ್ರಶ್ನೆಗಳು ಸಿದ್ಧವಾಗಿರುತ್ತಿದ್ದವು. "ಎಂತ ಪಾತ್ರ?" "ನರ್ಸ್." "ಮಾತು ಉಂಟಾ?" "'ಡಾಕ್ಟರ್ ಬಂದರು' ಅಂತ ಒಂದು ಉಂಟು." ಅವರು ಪೇಪರಿನಿಂದ ತಲೆ ಎತ್ತದೆ, "ಹಾಗಾದರೆ ಚೆನ್ನಾಗಿ ಹೇಳು," ಎನ್ನುತ್ತಿದ್ದರು. ತಮಾಷೆಯೋ ಸಮಾಧಾನವೋ ಎಂದು ಮದುವೆಯಾಗಿ ಎಷ್ಟೋ ವರ್ಷವಾದರೂ ನನಗೆ ತಿಳಿದಿರಲಿಲ್ಲ.

ಚಳಿಗಾಲ ಬಂತೆಂದರೆ ಲಂಡನ್ನಿನ ನಾಟಕದವರ ತಂಡವೊಂದು ನಮ್ಮ ಹೋಟೆಲಿಗೆ ಬರುತ್ತಿತ್ತು. ಊಟದ ಹಾಲಿನ ಒಂದು ತುದಿಯಲ್ಲಿ ವೇದಿಕೆ. ಊರಾಚೆ ಬುದಯ್ಯ ಕಡೆಯ ತಮ್ಮ ಬಂಗಲೆ ಕಂಪೌಂಡುಗಳಿಂದ ಬಿಳಿಯರು ಕೋಟು ಹಾಕಿ ಬಂದು, ಹುರಿದ ಮಾಂಸ ತಿನ್ನುತ್ತ, ಕಪಾಟಿನೊಳಗೆ ಅಡಗುವ ಗಂಡಸರನ್ನು ನೋಡಿ ನಕ್ಕು ಹೋಗುತ್ತಿದ್ದರು. ಒಂದು ಸಲ ಆ ತಂಡದ ಜೊತೆ ಹೊಸ ನಟಿಯೊಬ್ಬಳು ಬಂದಳು. ನನ್ನ ವಯಸ್ಸಿನವಳೇ, ಮುಖ ನೋಡಿದರೆ ಜಪಾನಿನವಳು. ಕೋಣೆಯ ಕೀ ಕೇಳಲು ಬಾಯಿ ತೆರೆದಾಗ ನಾನು ನೆಟ್ಟಗೆ ನಿಂತೆ. ರೇಡಿಯೋದಲ್ಲಿ ವಾರ್ತೆ ಓದುವವರ ಇಂಗ್ಲಿಷು. ನಮ್ಮ ಮ್ಯಾನೇಜರರು ಮುಖ ಮಾತ್ರ ನೋಡಿದ್ದರಿಂದ ಅವಳ ಬೆಳಗಿನ ತಿಂಡಿಗೆ ಅನ್ನ, ಅದನ್ನು ತಿನ್ನಲು ಎರಡು ಕಡ್ಡಿ ಕಳಿಸಿದರು. ಅವಳು ಒಂದು ಕಡ್ಡಿಯಿಂದ ಚಹಾ ಕಲಕಿ, ಟೋಸ್ಟ್ ಇದೆಯೇ ಎಂದು ವಿಚಾರಿಸಿದಳು.

ಸಂಜೆ ಅವಳು ರಂಗದ ಮೇಲೆ ಬಂದದ್ದು ಟ್ರೇ ಹಿಡಿದು, ಬೆನ್ನು ಬಗ್ಗಿಸಿ. "ಸಾರ್ ಟೀ? ಮೇಡಂ ಔಟ್. ಮೇಡಂ ವೆರಿ ಆಂಗ್ರಿ." ಇಡೀ ಹಾಲು ನಕ್ಕಿತು. ಬೆಳಗಿನ ಇಂಗ್ಲಿಷು ಎಲ್ಲಿ ಹೋಯಿತೆಂದು ನಾನು ಹಿಂದುಗಡೆ ಬಾಗಿಲ ಬಳಿ ಕಣ್ಣು ಬಿಟ್ಟು ನಿಂತಿದ್ದೆ.

ಮರುದಿನ ಲಾಬಿಯಲ್ಲಿ ಒಂದು ಕಾಫಿ ಮುಗಿಯುವುದರೊಳಗೆ ತನ್ನ ವೃತ್ತಿಜೀವನ ಹೇಳಿ ಮುಗಿಸಿದಳು. ತಂದೆ ಇಂಗ್ಲಿಷರು, ತಾಯಿ ಜಪಾನಿನವರು, ಹುಟ್ಟಿ ಬೆಳೆದದ್ದು ಇಂಗ್ಲೆಂಡಿನ ಕಡಲತೀರದ ಊರಿನಲ್ಲಿ. ನಾಟಕಶಾಲೆಯಲ್ಲಿ ರಾಣಿಯರ ಪಾತ್ರ ಮಾಡಿ ಬಹುಮಾನ ಗೆದ್ದವಳು. ಹೊರಗೆ ಬಂದ ಮೇಲೆ ಟೀವಿಯಲ್ಲಿ ಸಿಕ್ಕಿದ್ದು ಹೋಟೆಲಿನ ಪರಿಚಾರಕಿ, ಗೂಢಚಾರನ ಪ್ರೇಯಸಿ, ಮತ್ತೆ ಪರಿಚಾರಕಿ. ಪ್ರೇಯಸಿಯಾದರೆ ಬೇಗ ಸಾಯಬೇಕು. ಚೀನಾದವಳಾಗಿದ್ದಾಳೆ, ಕೊರಿಯಾದವಳಾಗಿದ್ದಾಳೆ, ವಿಯೆಟ್ನಾಮಿನವಳಾಗಿದ್ದಾಳೆ. ಇಂಗ್ಲೆಂಡಿನವಳಾಗಲು ಮಾತ್ರ ಯಾರೂ ಕರೆಯಲಿಲ್ಲ.

"ಆಮೇಲೆ ನರ್ಸ್," ಎಂದಳು. "ನರ್ಸ್ ಆದದ್ದಕ್ಕೆ ಲೆಕ್ಕವೇ ಇಲ್ಲ."

ನಾನು ಕಪ್ಪು ಕೆಳಗಿಟ್ಟೆ. "ಮಾತು ಇರುತ್ತಿತ್ತಾ?"

"'ಡಾಕ್ಟರ್ ಬಂದರು,'" ಎಂದಳು ಅವಳು.

ನಾವಿಬ್ಬರೂ ನಕ್ಕ ರೀತಿಗೆ ಬಾಗಿಲು ಕಾಯುವವನು ಒಳಗೆ ಬಂದು ನೋಡಿ ಹೋದ. ಅಂದಿನಿಂದ ಅವಳು ದಿನವೂ ನನ್ನ ಮೇಜಿನ ಪಕ್ಕದ ಮೂಲೆಯಲ್ಲಿ ಕೂತು ಬರೆಯತೊಡಗಿದಳು. ಕಥೆ ಬರೆಯುತ್ತಾಳಂತೆ, ಪತ್ರಿಕೆಯಲ್ಲಿ ಬಂದಿವೆಯಂತೆ. "ಇಲ್ಲಿ ಪಾತ್ರ ಹಂಚುವವಳು ನಾನೇ," ಎಂದಳು ಹಾಳೆ ತಟ್ಟುತ್ತ. ನನಗೆ ಅವಳ ಮೇಲೆ ಅಸೂಯೆಯೂ ಆಯಿತು, ಪ್ರೀತಿಯೂ ಹುಟ್ಟಿತು. ಒಂದು ಮಧ್ಯಾಹ್ನ ಲಾಬಿ ಖಾಲಿಯಿದ್ದಾಗ ತಾಯಿಯ ಆ ಉದ್ದದ ಮಾತನ್ನು ಕನ್ನಡದಲ್ಲೇ ಅವಳೆದುರು ಹೇಳಿದೆ. ಒಂದಕ್ಷರ ಅರ್ಥವಾಗದಿದ್ದರೂ ಕಣ್ಣು ಒರೆಸಿಕೊಂಡಳು. ಆ ಪಾತ್ರಕ್ಕೆ ನನಗೆ ಸಿಕ್ಕಿದ ಪ್ರೇಕ್ಷಕಿ ಅವಳೊಬ್ಬಳೇ.

"ನಿನ್ನನ್ನು ನನ್ನ ಕಥೆಯಲ್ಲಿ ತರುತ್ತೇನೆ," ಎಂದಳು ಹೊರಡುವಾಗ.

ಸುದ್ದಿ ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಇಡೀ ಕಟ್ಟಡಕ್ಕೆ ಹೇಳಿದೆ. ಕೆಳಗೆ ದಿನಸಿ ಮಾರುವ ಕೋಲ್ಡ್ ಸ್ಟೋರಿನ ಬ್ಯಾರಿ ಕಾಕ, "ಇಂಗ್ಲಿಷ್ ಪುಸ್ತಕದಲ್ಲಿ ಬರುದಾ? ಹಾಗಾದ್ರೆ ನಮ್ಮ ಅಂಗಡಿದ್ದೂ ಒಂದು ಮಾತು ಹಾಕ್ಲಿಕ್ಕೆ ಹೇಳಿ ಬಾಯಮ್ಮ," ಎಂದರು. ಆ ವರ್ಷವೂ ಸಂಘದ ನಾಟಕದಲ್ಲಿ ನಾನು ನರ್ಸ್. ಆದರೆ ಬೇಸರವಾಗಲಿಲ್ಲ. ಲಂಡನ್ನಿನಲ್ಲಿ ನನಗೊಂದು ಪಾತ್ರ ಸಿದ್ಧವಾಗುತ್ತಿತ್ತಲ್ಲ.

ಮುಂದಿನ ಚಳಿಗಾಲ ಅವಳು ಪತ್ರಿಕೆ ಹಿಡಿದೇ ಬಂದಳು. ಮನೆಗೆ ಒಯ್ದು ಓದಿದೆ. ಕೊಲ್ಲಿಯ ದೇಶದ ಹೋಟೆಲೊಂದರಲ್ಲಿ ಒಂಟಿಯಾಗಿ ಉಳಿದ ನಟಿಯ ಕಥೆ. ಅವಳ ದುಃಖಕ್ಕೆ ಎಷ್ಟು ಚಂದದ ವಾಕ್ಯಗಳು, ಒಂದೊಂದನ್ನು ಎರಡೆರಡು ಸಲ ಓದಿದೆ. ಆಮೇಲೆ ನಾನು ಬಂದೆ. ಕೈತುಂಬ ಬಳೆ, ಹಣೆಯಲ್ಲಿ ದೊಡ್ಡ ಕುಂಕುಮ, ತಲೆ ಅಲ್ಲಾಡಿಸುತ್ತ ನಾನು ಹೇಳುತ್ತೇನೆ: "ಯೆಸ್ ಮೇಡಂ. ಗುಡ್ ರೂಮ್ ಮೇಡಂ. ಮೇಡಂ ಹ್ಯಾಪಿ, ಐ ಹ್ಯಾಪಿ." ಹೇಳಿ ಹೋಗಿಬಿಡುತ್ತೇನೆ. ಕಥೆ ಮುಗಿಯುವವರೆಗೂ ಮತ್ತೆ ಬರುವುದಿಲ್ಲ.

ಸಂಘದವರು ಜನ್ಮದಲ್ಲಿ ಕೊಡದ ಕುಂಕುಮವನ್ನು ಲಂಡನ್ನಿನವಳು ಕೊಟ್ಟಿದ್ದಳು. ಮಾತನ್ನು ಮಾತ್ರ ಕಿತ್ತುಕೊಂಡಿದ್ದಳು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆರಳ ಗಂಟಿಗೆ ಬಡಿದು ಕಲಿಸಿದ ನನ್ನ ಇಂಗ್ಲಿಷು, ಅವಳೊಡನೆ ಒಂದು ಚಳಿಗಾಲವಿಡೀ ಹರಟಿದ ಇಂಗ್ಲಿಷು, ಎಲ್ಲಿ ಹೋಯಿತು? ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಟ್ರೇ ಹಿಡಿದವಳ ಕೈಗೆ ಪೆನ್ನು ಬಂದಾಗ ಮೊದಲು ಮಾಡಿದ ಕೆಲಸ ಆ ಟ್ರೇಯನ್ನು ನನಗೆ ದಾಟಿಸಿದ್ದು. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಅವಮಾನವಾಯಿತು, ಏಕೆಂದರೆ ಕೆಳಗೆ ಕಾಕ ಕಾಯುತ್ತಿದ್ದರು.

ಬೆಳಿಗ್ಗೆ ಅವಳು ರಿಸೆಪ್ಷನ್ನಿಗೆ ಬಂದು, "ಓದಿದೆಯಾ?" ಎಂದಳು.

ಬಳೆ ಇರಲಿಲ್ಲವಾದ್ದರಿಂದ ಕೀಗೊಂಚಲು ಅಲ್ಲಾಡಿಸಿದೆ. ತಲೆಯನ್ನೂ ಅಲ್ಲಾಡಿಸಿದೆ. "ಯೆಸ್ ಮೇಡಂ. ಗುಡ್ ಸ್ಟೋರಿ ಮೇಡಂ. ಮೇಡಂ ಹ್ಯಾಪಿ, ಐ ಹ್ಯಾಪಿ."

ನಟಿಯಲ್ಲವೇ, ಒಳ್ಳೆಯ ಅಭಿನಯ ಕಂಡು ನಕ್ಕಳು. ನಾನು ನಿಲ್ಲಿಸಲಿಲ್ಲ. "ಮೇಡಂ ಕೀ? ಮೇಡಂ ಕಾಫಿ? ಮೇಡಂ ಲೈಕ್ ಸನ್?" ಅವಳ ನಗು ಅರ್ಧಕ್ಕೆ ನಿಂತಿತು. ಮಧ್ಯಾಹ್ನ ಬಂದಾಗಲೂ ಅದೇ, ಸಂಜೆಯೂ ಅದೇ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಇನ್ನಾವ ಪಾತ್ರವನ್ನೂ ಮಾಡಿಲ್ಲ.

ಆ ಸಂಜೆ ಟ್ರೇ ಹಿಡಿದು "ಸಾರ್ ಟೀ?" ಎನ್ನುತ್ತ ರಂಗಕ್ಕೆ ಬಂದವಳ ಕಣ್ಣು ಬಾಗಿಲ ಬಳಿ ನಿಂತ ನನ್ನ ಮೇಲೆ ಬಿತ್ತು. ಮುಂದಿನ ಮಾತು ಅವಳಿಗೆ ಬರಲಿಲ್ಲ. ಟ್ರೇ ಹಿಡಿದು ಸುಮ್ಮನೆ ನಿಂತಳು. ಜನ ಅದಕ್ಕೂ ನಕ್ಕರು.

ಮಾರನೆಯ ದಿನ ಮೂಲೆಯ ಮೇಜಿಗೆ ಹೋಗದೆ ನೇರ ನನ್ನ ಬಳಿಗೆ ಬಂದಳು. "ನೀನು ಮಾತಾಡುವ ಹಾಗೆಯೇ ಬರೆದಿದ್ದೆ," ಎಂದಳು. "ಸಂಪಾದಕರು ಬದಲಾಯಿಸು ಎಂದರು. ಓದುವವರು ನಂಬುವುದಿಲ್ಲವಂತೆ."

"ನಮ್ಮ ನಿರ್ದೇಶಕರೂ ಅದನ್ನೇ ಹೇಳುತ್ತಾರೆ," ಎಂದೆ, ನನ್ನ ಸ್ವಂತ ಇಂಗ್ಲಿಷಿನಲ್ಲಿ.

"ನಾನು ಒಪ್ಪಬಾರದಿತ್ತು. ಸರಿಮಾಡುತ್ತೇನೆ," ಎಂದಳು. ನಾನು ಕೀ ಕೊಟ್ಟೆ. ಸರಿಮಾಡುತ್ತಾಳೆಂದು ನಂಬಲಿಲ್ಲ.

ಮುಂದಿನ ಚಳಿಗಾಲ ಟ್ರೇ ಹಿಡಿದು ಬಂದವಳು ಬೇರೆಯವಳು. ನನ್ನ ಗೆಳತಿ ನಟನೆ ಕಡಿಮೆ ಮಾಡಿ ಬರೆಯುತ್ತಿದ್ದಾಳೆ ಎಂದು ತಂಡದವರು ಹೇಳಿದರು. ಅಷ್ಟರಲ್ಲಿ ನಮ್ಮ ಸಂಘಕ್ಕೂ ಹೊಸ ನಿರ್ದೇಶಕರು ಬಂದರು, ಬೆಂಗಳೂರಿನವರು, ಪ್ರಯೋಗ ಮಾಡುವವರು. ಅವರ ನಾಟಕದಲ್ಲಿ ಹೃದಯಾಘಾತವೇ ಇರಲಿಲ್ಲ. ಹಾಗಾಗಿ ನನಗೆ ಪಾತ್ರವೂ ಇರಲಿಲ್ಲ.

ನಾವು ಊರಿಗೆ ಮರಳುವ ತಯಾರಿಯಲ್ಲಿದ್ದಾಗ ಹೋಟೆಲಿನ ವಿಳಾಸಕ್ಕೆ ಅವಳ ಕಾದಂಬರಿ ಬಂತು. ಒಂದು ಕಡೆ ನಮ್ಮದೇ ಲಾಬಿಯ ಕಾಗದದ ನ್ಯಾಪ್‌ಕಿನ್ ಗುರುತಿಗೆ ಇಟ್ಟಿದ್ದಳು. ಅಡುಗೆಮನೆಯಲ್ಲಿ ನಿಂತೇ ಓದಿದೆ. ನಾನು ಬರುತ್ತೇನೆ. ಕುಂಕುಮವಿಲ್ಲ, ಬಳೆಯಿಲ್ಲ. ಮಾತು ಪೂರ್ತಿ ವಾಕ್ಯಗಳಲ್ಲಿದೆ, ಸಿಸ್ಟರುಗಳು ಮೆಚ್ಚುವಂಥ ಇಂಗ್ಲಿಷು. ಸಾಯುತ್ತಿರುವ ಮುದುಕನೊಬ್ಬನ ಹಾಸಿಗೆಯ ಬಳಿ ನಿಂತು ಒಂದು ಉದ್ದದ ಮಾತು ಆಡುತ್ತೇನೆ. ಆ ಮಧ್ಯಾಹ್ನ ನಾನು ಲಾಬಿಯಲ್ಲಿ ಹೇಳಿದ್ದರ ಅರ್ಥ ಅವಳಿಗೆ ಗೊತ್ತಿರಲಿಲ್ಲವಲ್ಲ, ಅರ್ಥವನ್ನು ತಾನೇ ಹುಟ್ಟಿಸಿಕೊಂಡಿದ್ದಳು. ನಮ್ಮ ನಾಟಕದ ಮಾತಿಗಿಂತ ಅದೇ ಚೆನ್ನಾಗಿತ್ತು. ನನಗೆ ಅಳು ಬಂತು. ಆಮೇಲೆ ಪುಟ ಹಿಂದಕ್ಕೆ ತಿರುಗಿಸಿ, ಈ ಹೆಂಗಸು ಮುದುಕನ ಹಾಸಿಗೆಯ ಬಳಿ ಯಾಕೆ ನಿಂತಿದ್ದಾಳೆಂದು ನೋಡಿದೆ.

ಗಂಡ ಕಟ್ಟುತ್ತಿದ್ದ ಪೆಟ್ಟಿಗೆ ಬಿಟ್ಟು ಬಾಗಿಲಿಗೆ ಬಂದು ನಿಂತರು.

"ಎಂತ ಪಾತ್ರ?"

"ನರ್ಸ್," ಎಂದೆ.

ಅವರು ನಗಲಿಲ್ಲ. "ಮಾತು ಉಂಟಾ?"

"ಉಂಟು. ಈ ಸಲ ಪುಟಗಟ್ಟಲೆ ಉಂಟು."

"ಹಾಗಾದರೆ ಚೆನ್ನಾಗಿ ಹೇಳು," ಎಂದು ಅವರು ಪೆಟ್ಟಿಗೆಯ ಮೇಲೆಯೇ ಕೂತರು. ನಾನು ಕಣ್ಣು ಒರೆಸಿಕೊಂಡು, ಸೊಂಟಕ್ಕೆ ಕಟ್ಟಿದ್ದ ಏಪ್ರನ್ ಬಿಚ್ಚಿಟ್ಟು, ಮೊದಲಿನಿಂದ ಓದಿದೆ.