ಕೊರಲೆಯ ಪಕ್ಕದಲ್ಲಿ ಟೆಫ್

ಮಧುಗಿರಿಯ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಎರಡು ವರ್ಷದ ಹಿಂದೆ ದೊಡ್ಡೇರಿ ಕಡೆಯ ರೈತರ ಸಂಘವೊಂದು ನನಗೆ ಒಂದು ಕೆಲಸ ಒಪ್ಪಿಸಿತು. ಇಥಿಯೋಪಿಯಾದ ಕೃಷಿ ಅಧಿಕಾರಿಯೊಬ್ಬರು ಊರು ನೋಡಲು ಬರುವವರಿದ್ದರು. ಆಕೆಯ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಿರುಗಿಸಬೇಕು, ಜೊತೆಗೆ ಎರಡೂ ದೇಶಗಳ ಕಿರುಧಾನ್ಯದ ಉತ್ಪಾದನೆಯ ಮೌಲ್ಯವನ್ನು ಹೋಲಿಸಿ ಸಂಘ ಅಚ್ಚು ಹಾಕಿಸಲು ಒಂದು ಪಟ್ಟಿ ಮಾಡಿಕೊಡಬೇಕು. ಅಂಕಿಗಳು ಇಂಟರ್‌ನೆಟ್ಟಿನಲ್ಲಿ ಸುಲಭವಾಗಿ ಸಿಕ್ಕವು. 'ಇತರ ಧಾನ್ಯಗಳು' ಎಂಬ ಸಾಲೇ ಕಿರುಧಾನ್ಯದ್ದು ಎಂದುಕೊಂಡು ಅದನ್ನೇ ತೆಗೆದುಕೊಂಡೆ. ಒಂದೇ ಸಂಜೆಯಲ್ಲಿ ಪಟ್ಟಿ ಮುಗಿಯಿತು.

ಸಭೆ ನಡೆದದ್ದು ಹುಣಸೆ ತೋಪಿನಲ್ಲಿ. ನಾನು ಪಟ್ಟಿ ಓದಿದೆ. ಕಿರುಧಾನ್ಯದಲ್ಲಿ ಆ ದೇಶ ನಮಗಿಂತ ಬಹಳ ಮುಂದಿದೆ, ನಮ್ಮದು ಲೆಕ್ಕಕ್ಕೇ ಸಿಗುವಷ್ಟಿಲ್ಲ ಎಂದು ಮುಗಿಸಿದೆ. ಮುಂದೆ ಕೂತಿದ್ದ ಅರವತ್ತರ ಆಸುಪಾಸಿನ ರೈತ ಹೆಂಗಸೊಬ್ಬರು ನಿಧಾನವಾಗಿ ಕೇಳಿದರು: "ಈ ಮರದ ನೆಳ್ಳಾಗೆ ನಮ್ಮತ್ತೆ ಕಾಲದಿಂದ ಕೊರಲೆ ಚೆಲ್ತಾ ಇದೀವಲ್ಲ ಮೇಷ್ಟ್ರೇ, ಅದೆಲ್ಲೋಯ್ತು?"

ಕೊರಲೆ ಆ ಕಡೆ ಹುಣಸೆ ಮರಗಳಡಿ ಬೆಳೆಯುವ ಕಿರುಧಾನ್ಯ. ಆ ಪ್ರಶ್ನೆಯನ್ನೇ ಅತಿಥಿಗೆ ಹೇಳಿದೆ. ಆಕೆ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ಒಂದು ಗಳಿಗೆ ನೋಡಿದರು. ತಮ್ಮ ದೇಶದಲ್ಲಿ ಟೆಫ್ ಎಂಬ, ಗಸಗಸೆಗಿಂತ ಸಣ್ಣ ಕಾಳೊಂದಿದೆ, ದಿನದ ಊಟವೇ ಅದು, ಈ ಸಾಲಿನಲ್ಲಿರುವುದು ಮುಖ್ಯವಾಗಿ ಅದರ ಲೆಕ್ಕ ಎಂದರು. ಕೊರಲೆಯನ್ನು ಎಣಿಸಿದ್ದರೆ ರಾಗಿ, ಸಜ್ಜೆಗಳ ಜೊತೆ ಇನ್ನೊಂದು ಸಾಲಿಗೆ ಸೇರಿಸಿರುತ್ತಾರೆ ಎಂದೂ ಹೇಳಿದರು. ಯಾವ ಧಾನ್ಯ ಯಾವ ಸಾಲಿಗೆ ಸೇರುತ್ತದೆ ಎಂದು ಮೂಲ ಪುಟದ ಕೆಳಗೆ ಸಣ್ಣ ಅಕ್ಷರಗಳ ವಿವರಣೆಯೊಂದಿತ್ತು. ನಾನು ಅದನ್ನು ಓದಿರಲಿಲ್ಲ. ಇಂಥದೇ ತಪ್ಪಿಗೆ ಪ್ರತಿ ವರ್ಷ ವಿದ್ಯಾರ್ಥಿಗಳ ಅಂಕ ಕಳೆಯುವವನು ನಾನು. ತಪ್ಪು ನನ್ನದೇ ಎಂದು ಎಲ್ಲರ ಮುಂದೆ ಒಪ್ಪಿಕೊಂಡೆ. ಯಾರೋ ಮಜ್ಜಿಗೆ ತಂದುಕೊಟ್ಟರು.

ಆಮೇಲೆ ಆ ರೈತ ಹೆಂಗಸು ನಮ್ಮಿಬ್ಬರನ್ನೂ ಮನೆಗೆ ಕರೆದೊಯ್ದು, ಒರಳಿಗೆ ಕೊರಲೆ ಸುರಿದು ಕುಟ್ಟಿ ತೋರಿಸಿದರು. ಕುಟ್ಟುವುದು, ಕೇರುವುದು, ಮತ್ತೆ ಕುಟ್ಟುವುದು. ಅದರ ಸಿಪ್ಪೆ ಅಷ್ಟು ಸುಲಭವಾಗಿ ಬಿಡುವುದಿಲ್ಲ, ಮಿಲ್ಲಿಗೆ ಕೊಟ್ಟರೆ ಅರ್ಧ ನುಚ್ಚಾಗುತ್ತದೆ. ಅತಿಥಿಯೂ ಒನಕೆ ಹಿಡಿದರು. ಹತ್ತು ಪೆಟ್ಟಿಗೆ ನಿಲ್ಲಿಸಿ, ಟೆಫ್‌ಗೆ ಈ ಕಷ್ಟವಿಲ್ಲ, ಇಡೀ ಕಾಳನ್ನೇ ಬೀಸುತ್ತೇವೆ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

"ಅಂಗಾರೆ ನಿಮ್ಮೂರ ಹೆಂಗಸ್ರು ಪುಣ್ಯ ಮಾಡವ್ರೆ ಕಣಮ್ಮ."

ಅತಿಥಿ ಇಲ್ಲವೆಂದು ತಲೆಯಾಡಿಸಿದರು. ಕಾಳು ಅಷ್ಟು ಸಣ್ಣದಾದ್ದರಿಂದ ನೆಲವನ್ನು ನಾಲ್ಕೈದು ಸಲ ಉಳಬೇಕು. ಕಳೆ ಕೀಳುವ ಕೆಲಸವಂತೂ ಮುಗಿಯುವುದೇ ಇಲ್ಲ. ತಮ್ಮ ತಾಯಿ ವಾರಗಟ್ಟಲೆ ಹೊಲದಲ್ಲಿ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದರು, ಈಗ ಮಂಡಿ ಮಡಚಲು ಬರುವುದಿಲ್ಲ ಎಂದರು. ಆ ಹೆಂಗಸು ಒನಕೆಯನ್ನು ಗೋಡೆಗೆ ಒರಗಿಸಿ, ತಮ್ಮ ಬಲಗೈಯನ್ನು ಚಾಚಿದರು. ಹೆಬ್ಬೆರಳ ಬುಡ ದಡ್ಡುಗಟ್ಟಿತ್ತು. ಅತಿಥಿ ಅದನ್ನು ಮುಟ್ಟಿ ನೋಡಿದರು. ಅಲ್ಲಿ ನನ್ನ ಅನುವಾದ ಬೇಕಾಗಲಿಲ್ಲ.

ಕೊರಲೆ ಅನ್ನಕ್ಕೆ ಹುರುಳಿ ಸಾರು ಉಂಡು ಬಸ್ ಹತ್ತಿದೆವು. ದಾರಿಯಲ್ಲಿ ಅತಿಥಿ, ಆ ಕುಟ್ಟುವ ಕೆಲಸ ಪಟ್ಟಿಯ ಯಾವ ಸಾಲಿಗೆ ಬರುತ್ತದೆ ಎಂದು ಕೇಳಿದರು. ಯಾವುದಕ್ಕೂ ಬರುವುದಿಲ್ಲ, ಹೊಲದಲ್ಲಿ ಬೆಳೆದದ್ದಕ್ಕೆ ಮಾತ್ರ ಮೌಲ್ಯ ಕಟ್ಟುತ್ತಾರೆ ಎಂದೆ. ಹಾಗಾದರೆ ತಮ್ಮ ತಾಯಿಯ ಮಂಡಿಯೂ ಬರುವುದಿಲ್ಲ ಎಂದರು. ನಗಲಿಲ್ಲ, ಬೇಸರದಿಂದಲೂ ಹೇಳಲಿಲ್ಲ.

ಮರುವಾರ ಪಟ್ಟಿಯನ್ನು ತಿದ್ದಿ ಸಂಘಕ್ಕೆ ಕಳಿಸಿದೆ. ಟೆಫ್‌ಗೆ ಬೇರೆ ಸಾಲು ಮಾಡಿ, ಕೊರಲೆಗೂ ಒಂದು ಸಾಲು ಎಳೆದು, ಅದರ ಮುಂದೆ "ಅಂಕಿ ಸಿಕ್ಕಿಲ್ಲ" ಎಂದು ಬರೆದೆ. ಹಾಗೇ ಅಚ್ಚಾಗಲಿ ಎಂದು ಸಂಘದವರು ಒಪ್ಪಿದರು.