ಹುಳಿ ತೀರ್ಥ

ವಿನೆಗರ್ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಚಿಪ್ಸೋ ಉಪ್ಪಿನಕಾಯಿಯೋ ನೆನಪಾಗಬಹುದು. ನನಗೆ ನೆನಪಾಗುವುದು ಅಜ್ಜನ ದೇವರು. ಹೋದ ವರ್ಷ ಅಮ್ಮನನ್ನು ಮುಕ್ತಿನಾಥಕ್ಕೆ ಕರೆದುಕೊಂಡು ಹೋಗಿದ್ದೆ. ಹಿಮಾಲಯದ ಬೆನ್ನ ಹಿಂದಿನ ಆ ಒಣ ಎತ್ತರದಲ್ಲಿ, ಹುಲ್ಲುಕಡ್ಡಿಯೂ ಇಲ್ಲದ ಗುಡ್ಡದ ಬುಡದಲ್ಲಿ, ಪ್ರವಾಸಿಗರಿಗೆಂದು ಒಂದು ಪುಟ್ಟ ಪಳೆಯುಳಿಕೆ ಕೇಂದ್ರ ಇತ್ತು. ಅಲ್ಲಿನ ಹೆಂಗಸೊಬ್ಬರು ಕಲ್ಲಿನ ತುಂಡೊಂದರ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟರು. ಕಲ್ಲು ಬುಸುಬುಸು ನೊರೆ ಉಗುಳಿತು. ಇಲ್ಲಿನ ಸಾಲಿಗ್ರಾಮಗಳೂ ಇದೇ, ಕಡಲಿನ ಜೀವಿಯ ಚಿಪ್ಪು, ಸುಣ್ಣದ್ದು, ಅದಕ್ಕೇ ಹೀಗೆ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಎದೆ ಮಾತ್ರ ಒಂಬತ್ತು ವರ್ಷದ ಹುಡುಗಿಯ ಎದೆಯ ಹಾಗೆ ಹೊಡೆದುಕೊಳ್ಳತೊಡಗಿತು.

ಆಗ ನಾವು ಲಂಡನ್ನಿನ ಕೆಂಟನ್ನಿನಲ್ಲಿದ್ದೆವು. ಅಪ್ಪ ವೆಂಬ್ಲಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು. ಅಜ್ಜಿ ಹೋದ ಮೇಲೆ ಅಜ್ಜ ಉಡುಪಿಯಿಂದ ನಮ್ಮಲ್ಲಿಗೆ ಬಂದಿದ್ದರು, ಅಂಗಿಯ ಒಳಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಸಾಲಿಗ್ರಾಮ ಇಟ್ಟುಕೊಂಡು. ಮನೆಯಲ್ಲಿ ದೇವರಿಗೆ ಸಿಕ್ಕಿದ್ದು ಬಿಸಿನೀರಿನ ಬಾಯ್ಲರ್ ಇದ್ದ ಕಪಾಟಿನ ಮೇಲಿನ ಹಲಗೆ. "ಈ ಊರಿನಲ್ಲಿ ಚಳಿ ಇಲ್ಲದ್ದು ನಮ್ಮ ದೇವರಿಗೊಬ್ಬರಿಗೇ" ಎಂದು ಅಜ್ಜ ನಗುತ್ತಿದ್ದರು. ಬೆಚ್ಚಗಿನ ಟವೆಲುಗಳ ವಾಸನೆ, ಗಂಧದ ವಾಸನೆ, ತುಳಸಿ ಸಿಗದ ದಿನ ಕುಂಡದ ಪುದೀನ, ಎಲ್ಲವೂ ಆ ಕಪಾಟಿನಲ್ಲಿ ಬೆರೆತಿದ್ದವು. ಆದರೆ ಲಂಡನ್ನಿನ ಗಡಸು ನೀರು ಕೆಟಲಿನ ತಳಕ್ಕೆ ಹಿಡಿದ ಹಾಗೆ ಸಾಲಿಗ್ರಾಮಕ್ಕೂ ಬಿಳಿ ಪದರ ಹಿಡಿಯತೊಡಗಿತು. ಅಜ್ಜ ದಿನವೂ ಉಜ್ಜಿ ಸೋತರು. "ಇಲ್ಲಿಯ ನೀರು ದೇವರನ್ನೂ ಮುದುಕ ಮಾಡಿತಲ್ಲ" ಎಂದು ಒಂದು ದಿನ ಅವರು ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಕೆಟಲಿನ ಬಿಳಿಯನ್ನು ಅಮ್ಮ ವಿನೆಗರಿನಲ್ಲಿ ತೆಗೆಯುವುದನ್ನು ನಾನು ನೋಡಿದ್ದೆ.

ಹೆಣ್ಣುಮಕ್ಕಳು ಸಾಲಿಗ್ರಾಮ ಮುಟ್ಟಬಾರದೆಂಬ ಕಟ್ಟುಪಾಡು ನಮ್ಮಲ್ಲಿತ್ತು. ಅಜ್ಜ ಮಧ್ಯಾಹ್ನ ಮಲಗಿದ್ದಾಗ ಮುಟ್ಟಿದೆ. ಸ್ಟೀಲ್ ಲೋಟದ ವಿನೆಗರಿಗೆ ಬಿಟ್ಟ ಕೂಡಲೇ ಅದು ಬುಸುಗುಟ್ಟಿತು. ದೇವರಿಗೆ ಉಸಿರು ಕಟ್ಟುತ್ತಿದೆ ಎಂದೇ ನಂಬಿದೆ. ಹೊರತೆಗೆದಾಗ ಕಪ್ಪು ಹೊಳಪು ಹೋಗಿ ಬೂದುಬಣ್ಣವಾಗಿತ್ತು, ಕಲ್ಲಿನ ಮೇಲಿನ ಚಕ್ರದ ಒಂದು ಅಂಚು ಕರಗಿತ್ತು. ತೊಳೆದು, ಕೊಬ್ಬರಿ ಎಣ್ಣೆ ಸವರಿ, ಇದ್ದಲ್ಲೇ ಇಟ್ಟೆ. ಮರುದಿನ ಬೆಳಿಗ್ಗೆ ಬಾಗಿಲ ಹಿಂದೆ ನಿಂತು ನೋಡಿದೆ. ಅಜ್ಜ ಅದನ್ನು ಅಂಗೈಯಲ್ಲಿಟ್ಟುಕೊಂಡು ಚಕ್ರದ ಅಂಚನ್ನು ಬೆರಳಿನಿಂದ ಸವರಿದರು. ಆಮೇಲೆ ಎಂದಿನ ಹಾಗೆ ಅದರ ಮೇಲೆ ನೀರೆರೆದು ಪೂಜೆ ಮುಗಿಸಿ, "ಇವತ್ತು ತೀರ್ಥ ನನಗೊಬ್ಬನಿಗೇ" ಎಂದು ಅಷ್ಟನ್ನೂ ಕುಡಿದರು. ಅದೇ ಚಳಿಗಾಲದಲ್ಲಿ ಕೆಮ್ಮು ಜೋರಾಗಿ ಅಜ್ಜ ತೀರಿಕೊಂಡರು. ನಾನೇ ಕೊಂದೆ ಎಂದುಕೊಂಡೆ. ಆ ಮಾತನ್ನು ಯಾರಿಗೂ ಹೇಳಲಿಲ್ಲ, ಮದುವೆಯಾದ ಮೇಲೆ ಗಂಡನಿಗೂ ಹೇಳಲಿಲ್ಲ.

ಪಳೆಯುಳಿಕೆ ಕೇಂದ್ರದಲ್ಲಿ ಅಮ್ಮ ಮೂಗರಳಿಸಿ, "ಮಾವನ ಸಾಲಿಗ್ರಾಮಕ್ಕೂ ಒಮ್ಮೆ ಇದೇ ವಾಸನೆ ಬಂದಿತ್ತು" ಎಂದಳು.

ಗಾಬರಿಯಾದಾಗ ನನಗೆ ಬರುವ ಇಂಗ್ಲಿಷಿನಲ್ಲೇ ಕೇಳಿದೆ, ನಿನಗೆ ಗೊತ್ತಿತ್ತಾ ಎಂದು.

"ಕಪಾಟಿಡೀ ನಾರ್ತಿತ್ತು ಮಾರಾಯ್ತಿ, ಗೊತ್ತಾಗದೆ ಎಂತ? ನಾನು ನಿನಗೆ ಎರಡು ಬಿಡ್ಲಿಕ್ಕೆ ಹೊರಟಿದ್ದೆ. ಮಾವನೇ ಬೇಡ ಅಂದ್ರು. 'ಮಗು ದೇವರಿಗೆ ಸ್ನಾನ ಮಾಡಿಸಿದ್ದು. ಈಗ ಬೈದ್ರೆ ಮತ್ತೆ ಈ ಕಪಾಟಿನ ಹತ್ತಿರ ಬರ್ಲಿಕ್ಕಿಲ್ಲ' ಅಂದ್ರು."

"ಮತ್ತೆ ಆ ಕೆಮ್ಮು?"

"ಅದು ಊರಿನಿಂದಲೇ ತಂದದ್ದಲ್ವಾ? ನಲವತ್ತು ವರ್ಷ ಅಡುಗೆ ಕೆಲಸ ಮಾಡಿ ಸೌದೆ ಒಲೆಯ ಹೊಗೆ ಕುಡಿದವರು. ಬಂದ ತಿಂಗಳೇ ಜಿಪಿ ಡಾಕ್ಟ್ರು ಹೇಳಿದ್ರು, ಹೆಚ್ಚು ದಿನ ಇಲ್ಲ ಅಂತ." ಅಮ್ಮ ನನ್ನ ಮುಖ ನೋಡಿದಳು. "ಅಯ್ಯೋ, ಇಷ್ಟು ವರ್ಷ ಎಂತ ಗ್ರಹಿಸಿದ್ದಿ ನೀನು?"

ಗಾಜಿನ ಪೆಟ್ಟಿಗೆಗಳ ನಡುವೆ ನಿಂತು ನಾನು ಅತ್ತೆ. ದುಃಖಕ್ಕಲ್ಲ. ಮೂವತ್ತು ವರ್ಷ ಹೊತ್ತ ಕಲ್ಲೊಂದನ್ನು ಅದರ ತವರಿನಲ್ಲೇ ಇಳಿಸಿ ಬಂದೆ.

ಕೆಂಟನ್ನಿನ ಆ ಮನೆ ಈಗ ಬೇರೆಯವರದ್ದು. ಬಾಯ್ಲರ್ ಕಪಾಟು ಒಡೆದು ಶವರ್ ಮಾಡಿದ್ದಾರಂತೆ. ಸಾಲಿಗ್ರಾಮವನ್ನು ಅಪ್ಪ ಎಂದೋ ಊರಿನ ಮಠಕ್ಕೆ ಒಪ್ಪಿಸಿ ಬಂದರು. ಈಗ ಅಪ್ಪನೂ ಇಲ್ಲ. ಪ್ರವಾಸದಿಂದ ಮರಳಿದ ವಾರ ಕೆಟಲ್ ತೊಳೆಯಲೆಂದು ವಿನೆಗರ್ ತೆಗೆದೆ. ಮೊದಲ ಸಲ ಕಿಟಕಿ ತೆರೆಯದೆಯೇ ಬಾಟಲಿಯ ಮುಚ್ಚಳ ಬಿಚ್ಚಿದೆ. ನೀರಿಗೆ ನಾಲ್ಕು ಹನಿ ಬೆರೆಸಿ, ಬಲ ಅಂಗೈಯಲ್ಲಿ ಹಿಡಿದು, ತೀರ್ಥದ ಹಾಗೆ ಕುಡಿದೆ. ಎಂಥ ಹುಳಿ! ಮುಖ ತಾನಾಗಿ ಕಿವುಚಿತು.

ಅಂದು ಬಾಗಿಲ ಹಿಂದಿನಿಂದ ಕಣ್ಣು ಮಿಟುಕಿಸದೆ ನೋಡಿದ್ದೆ. ಆ ತೀರ್ಥ ಕುಡಿಯುವಾಗ ಅಜ್ಜ ಮುಖ ಕಿವುಚಿರಲಿಲ್ಲ.